ಬೀಗರು

ವೈಶಾಖದ ಉರಿಬಿಸಿಲಿನಲ್ಲಿ ಕರಾವಳಿಯ ಕಾಯ್ಕಿಣಿಯಲ್ಲಿ ಯಾವುದಾದರೊಂದು ಮನೆಯ ಜಗುಲಿಯನ್ನೇರಿದವನಿಗೆ ಮೊದಲು ದೊರೆಯುವುದು ಕಾಲಿಗೊಂದು ತಂಬಿಗೆ ನೀರು, ಬಾಯಿಗೊಂದು ಬೆಲ್ಲದ ತುಂಡು, ಅನಂತರ ‘ಆಸರಿಗೆ ಎಂತ ಬೇಕು?’ ಎಂಬ ಪ್ರಶ್ನೆ. ಬಂದವನು ಹೆಣ್ಣು ಕೊಟ್ಟ ಮನೆಯವನೋ ತಂದ ಮನೆಯವನೋ ಆಗಿದ್ದರಂತೂ ಯಜಮಾನನು ತಾನು ಕುಳಿತ ಚಾಪೆಯಲ್ಲಿಯೇ ಸರಿದು ಸ್ಥಳಮಾಡಿಕೊಟ್ಟು, ಕವಳದ ಹರಿವಾಣವನ್ನು ಇಬ್ಬರ ನಡುವೆ ಇರಿಸುವನು. ಒಂದೇ ಹರಿವಾಣದಿಂದ ಇಬ್ಬರೂ ಎಲೆ ತೆಗೆದು, ತೊಟ್ಟು ಮುರಿದು, ಸುಣ್ಣ ಹಚ್ಚುವ ಆ ಹೊತ್ತಿನಲ್ಲಿ ಬೀಗತನದ ಸ್ವರೂಪವೆಲ್ಲವೂ ನನಗೆ ಸ್ಪಷ್ಟವಾಗಿ ಗೋಚರಿಸುತ್ತದೆ.

ನಮ್ಮ ಬಾಂಧವ್ಯವಾಚಕಗಳಲ್ಲಿ ಅನೇಕವು ಮೇಲುಕೀಳಿನ ಎಣಿಕೆಯುಳ್ಳವು. ಮಾವನಿದ್ದೆಡೆ ಅಳಿಯ, ಅತ್ತೆಯಿದ್ದೆಡೆ ಸೊಸೆ. ಒಬ್ಬರು ನಮಸ್ಕರಿಸತಕ್ಕವರು, ಮತ್ತೊಬ್ಬರು ಹರಸತಕ್ಕವರು. ಬೀಗರೆಂಬುದು ಹಾಗಲ್ಲ. ವರನ ತಂದೆಗೆ ವಧುವಿನ ತಂದೆ ಬೀಗನಾದರೆ, ವಧುವಿನ ತಂದೆಗೂ ವರನ ತಂದೆ ಬೀಗನೇ. ಬೀಗಿತ್ತಿಗೆ ಬೀಗಿತ್ತಿ, ಷಡ್ಡಕನಿಗೆ ಷಡ್ಡಕ, ಓರಗಿತ್ತಿಗೆ ಓರಗಿತ್ತಿ. ನೆಂಟನೆಂಬ ಮಾತಿನ ಬಳಗದಲ್ಲಿಯೂ ಹಳಗನ್ನಡದ ‘ನಣ್ಪು’, ಎಂದರೆ ಸ್ನೇಹ, ಸೇರಿದೆ. ದಾಯಾದಿಗೆ ಆಸ್ತಿಯಲ್ಲಿ ಪಾಲುಂಟು. ನೆಂಟನಿಗಿರುವುದು ಪ್ರೀತಿಯಲ್ಲಿ ಮಾತ್ರ.

ಶಿರಾಲಿಯ ಚಿತ್ರಾಪುರ ಮಠದ ಸಾರಸ್ವತರಲ್ಲಿ ಊರ ಹೆಸರುಗಳೇ ಅಡ್ಡಹೆಸರುಗಳಾಗಿರುವುದರಿಂದ ಈ ನಂಟಿಗೆ ಮತ್ತೊಂದು ಸೊಬಗು ಕೂಡಿಬಂದಿದೆ. ಕಾಯ್ಕಿಣಿ ಮನೆತನದ ಕನ್ಯೆ ಮುರ್ಡೇಶ್ವರ ಮನೆತನದ ಸೊಸೆಯಾದಾಗ, ಮದುವೆ ನಡೆದದ್ದು ಊರಿನಲ್ಲಿಯೇ ಆಗಲಿ, 1915ರಲ್ಲಿ ಅವರು ಸಹಕಾರಿ ಗೃಹಸಂಘವನ್ನು ಕಟ್ಟಿಕೊಂಡ ಮುಂಬಯಿಯ ಗಾಮದೇವಿಯಲ್ಲಿಯೇ ಆಗಲಿ, ಊರೂ ಊರೂ ಬೀಗರಾದಂತೆಯೇ ಸರಿ.

ಈ ಕರಾವಳಿಯ ಯಕ್ಷಗಾನವೂ ನಂಟಿನ ಬಿಗುಹನ್ನು ಚೆನ್ನಾಗಿ ಬಲ್ಲುದು. ‘ಕೃಷ್ಣಾರ್ಜುನ ಕಾಳಗ’ದಲ್ಲಿ ಗಯನೆಂಬ ಗಂಧರ್ವನಿಗಾಗಿ ಭಾವಮೈದುನರು ಎದುರಾಗಿ ನಿಲ್ಲುವರು; ಅಣ್ಣನ ಹಟಕ್ಕೂ ಪತಿಯ ವಚನಕ್ಕೂ ನಡುವೆ ಸಿಲುಕಿದ ಸುಭದ್ರೆಯ ಸಂಕಟವನ್ನು ಕಂಡು ನಮ್ಮ ಹೆಂಗಸರು ಕಣ್ಣೊರೆಸಿಕೊಳ್ಳುವುದು ಪುರಾಣಕ್ಕಾಗಿ ಮಾತ್ರವಲ್ಲ. ಎರಡು ಮನೆಗಳು ಸಮನಾಗಿ ನಡೆಯದಿದ್ದರೆ ನೋಯುವವಳು ಆ ಎರಡಕ್ಕೂ ಸೇರಿದ ಹೆಣ್ಣುಮಗಳೆಂಬುದನ್ನು ಅವರು ಸ್ವಂತ ಬಾಳಿನಿಂದಲೇ ಅರಿತವರು.

ಇಷ್ಟಿದ್ದೂ ಮದುವೆಯ ಚಪ್ಪರದಲ್ಲಿ ‘ಬೀಗರು ಬಂದರು’ ಎಂಬ ಕೂಗೆದ್ದರೆ ಅದು ಗಂಡಿನ ಕಡೆಯವರನ್ನು ಕುರಿತದ್ದೆಂದೇ ಎಲ್ಲರೂ ತಿಳಿಯುತ್ತಾರೆ. ಹೆಣ್ಣಿನ ತಂದೆಯೋ ಶಲ್ಯವನ್ನು ಸೊಂಟಕ್ಕೆ ಬಿಗಿದು ಪಂಕ್ತಿಯಿಂದ ಪಂಕ್ತಿಗೆ ಓಡಾಡುತ್ತಾನೆ. ಇಬ್ಬರದಾಗಿದ್ದ ಪದವನ್ನು ಒಬ್ಬರು ಕಸಿದುಕೊಂಡರು. ವರದಕ್ಷಿಣೆಯನ್ನು ನಿಷೇಧಿಸಿ 1961ರಲ್ಲಿಯೇ ಕಾಯಿದೆ ಬಂದಿತಾದರೂ, ಪಂಕ್ತಿಯ ಈ ತಾರತಮ್ಯವನ್ನು ಕಾಯಿದೆ ತಿದ್ದಲಾರದು. ಹಿಂದಣ ಬೀಗರ ಹಾಡುಗಳೇ ಈ ವಿಷಯದಲ್ಲಿ ಹೆಚ್ಚು ನ್ಯಾಯವಾಗಿದ್ದುವು: ಆ ಕಡೆಯ ಹೆಂಗಸರು ಈ ಬೀಗಿತ್ತಿಯನ್ನು ಹಾಡಿ ಹಂಗಿಸಿದರೆ, ಈ ಕಡೆಯವರೂ ಸುಮ್ಮನಿರದೆ ಹಾಡಿನಲ್ಲಿಯೇ ಉತ್ತರ ಕೊಡುತ್ತಿದ್ದರು.

ಈ ವರುಷ ಮಗನ ಮದುವೆ ಮಾಡುವ ಹಿರಿಯರಲ್ಲಿ ನನ್ನದೊಂದು ಬಿನ್ನಹವಿದೆ. ಎಲೆ ಹಾಕಿ ಬಡಿಸುವ ಹೊತ್ತಿಗೆ, ಹೆಣ್ಣು ಕೊಟ್ಟವರನ್ನು ಕೈಹಿಡಿದು ಕರೆತಂದು, ‘ಬನ್ನಿ ಬೀಗರೇ’ ಎಂದು ನಿಮ್ಮ ಪಕ್ಕದ ಎಲೆಗೇ ಕೂರಿಸಿಕೊಳ್ಳಿ.