ಮಾಮುವಿನ ದೋಣಿ

ತೀರ್ಥಹಳ್ಳಿಯಲ್ಲಿ ಸಂಬಂಧಿಕರ ಮದುವೆ ಮುಗಿಸಿ, ಮಾಮು ಮತ್ತು ಮುಮಾನಿಯನ್ನು ತುಮರಿ ಕಡೆಯ ಅವರ ಮನೆಗೆ ತಲುಪಿಸುವ ಹೊಣೆ ನಮ್ಮ ಪಾಲಿಗೆ ಬಂತು. ಮಕ್ಕಳಿಗೂ ರಜೆ ಇತ್ತು. ಹಿನ್ನೀರು ತುಂಬಿರುವ ದಿನಗಳು, ನೋಡಿಕೊಂಡು ಬರೋಣವೆಂದು ಬೆಳಗ್ಗೆಯೇ ಹೊರಟೆವು.

ತೀರ್ಥಹಳ್ಳಿ, ಹೊಸನಗರ, ಸಾಗರ ಈ ಮೂರು ತಾಲೂಕುಗಳನ್ನು ಶರಾವತಿ ನದಿಯೇ ಒಂದೇ ದಾರದಲ್ಲಿ ಪೋಣಿಸಿದೆ ಎನ್ನಬಹುದು. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಅದು ಹುಟ್ಟುವಾಗ ಸಣ್ಣ ನೀರಿನ ಸೆಲೆ. ಹೊಸನಗರ ದಾಟಿ ಸಾಗರದ ಸೀಮೆಗೆ ಬರುವಷ್ಟರಲ್ಲಿ ಕಣ್ಣು ಹಾಯಿಸಿದಷ್ಟೂ ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಎಷ್ಟೋ ಹಳ್ಳಿಗಳು, ಅಡಿಕೆ ತೋಟಗಳು, ಗದ್ದೆಗಳು ಮುಳುಗಿದವು. ನಾಡಿಗೆ ಬೆಳಕು ಬಂತು. ಆದರೆ ತುಮರಿ ಸುತ್ತಿನ ಊರುಗಳು ಸಾಗರ ಪೇಟೆಯಿಂದ ಬೇರ್ಪಟ್ಟವು. ಅಲ್ಲಿಂದಾಚೆ ಅವರ ಬದುಕು ಲಾಂಚಿನ ವೇಳೆಯನ್ನೇ ನಂಬಿಕೊಂಡಿತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಮತ್ತೆ ಬೆಳಗ್ಗೆಯೇ.

ಅಂಥ ಊರಿನಲ್ಲಿ ಮಾಮುವಿಗೆ ಒಂದು ದೋಣಿ ಇತ್ತು. ನಾಲ್ಕು ಜನ ಕೂತರೆ ತುಂಬಿಹೋಗುವಷ್ಟು ಚಿಕ್ಕದು. ಪ್ರತಿ ಬೇಸಿಗೆಯಲ್ಲಿ ಅದನ್ನು ದಡದ ಮೇಲೆ ಕವುಚಿ ಹಾಕಿ ಗೇರೆಣ್ಣೆ ಬಳಿಯುತ್ತಿದ್ದರು. ಚಿಕ್ಕವಳಿದ್ದಾಗ ಆ ವಾಸನೆಗೆ ಮೂಗು ಮುಚ್ಚಿಕೊಂಡು ನೋಡುತ್ತ ನಿಲ್ಲುತ್ತಿದ್ದೆ. ನೀರು ಇಳಿದಾಗ ಮುಳುಗಿದ ಮರಗಳ ಬೊಡ್ಡೆಗಳು ಎಲ್ಲೆಲ್ಲಿ ಮೇಲೇಳುತ್ತವೆ ಎಂಬುದು ಮಾಮುವಿಗೆ ಬಾಯಿಪಾಠ. ಕತ್ತಲಲ್ಲೂ ಹುಟ್ಟು ಹಾಕುತ್ತಿದ್ದರು.

ಹೊಸನಗರ ದಾಟಿ ಪಟಗುಪ್ಪೆ ಸೇತುವೆ ಬಂದಾಗ ಮಾಮು, "ಸ್ವಲ್ಪ ನಿಲ್ಲಿಸು ಬೇಟಿ" ಎಂದರು. ಇಳಿದು ಹೋಗಿ ಕೆಳಗೆ ದಡದಲ್ಲಿದ್ದ ಎರಡು ದೋಣಿಗಳನ್ನೇ ನೋಡುತ್ತ ನಿಂತರು. ಮಕ್ಕಳು ಫೋಟೋ ತೆಗೆಯುವುದರಲ್ಲಿದ್ದರು.

"ಈ ಕಡೆಯವರೇ ಕೊಂಡದ್ದು. ಎಲ್ಲಿ ಹಿನ್ನೀರು ಕಂಡರೂ ಇವರು ಹೀಗೆಯೇ" ಎಂದು ಮುಮಾನಿ ಮೆಲ್ಲನೆ ಹೇಳಿದರು.

2018ರಲ್ಲಿ ಸೇತುವೆಗೆ ಶಂಕುಸ್ಥಾಪನೆ ಆದಾಗ ಊರಿಗೆ ಊರೇ ಸಂಭ್ರಮಪಟ್ಟಿತ್ತು. ಇನ್ನು ಈ ದೋಣಿ ಯಾಕೆ ಎಂದು ಎಲ್ಲರೂ ಹೇಳಿದರು. ಮಾಮುವಿಗೂ ತೋಳಿನಲ್ಲಿ ಮೊದಲಿನ ಶಕ್ತಿ ಇರಲಿಲ್ಲ. ಮೀನು ಹಿಡಿಯುವವರೊಬ್ಬರು ಬಂದು ಕೇಳಿದಾಗ ಚೌಕಾಸಿಯೂ ಮಾಡದೆ ಕೊಟ್ಟುಬಿಟ್ಟರು. ಆ ಹಣದಲ್ಲಿ ಮುಮಾನಿಗೆ ಒಂದು ಗ್ರೈಂಡರ್ ಬಂತು.

ದೋಣಿ ಮಾರಿ ತಿಂಗಳೂ ಆಗಿರಲಿಲ್ಲ. ಒಂದು ಮಧ್ಯರಾತ್ರಿ ಯಾರೋ ಬಾಗಿಲು ಬಡಿದರು. "ಸಾಬ್ರೇ, ದೋಣಿ ತೆಗೀರಿ. ಸೊಸೆಗೆ ನೋವು ಶುರುವಾಗಿದೆ." ಮಾರಿದ ವಿಷಯ ಅವರಿಗೆ ಗೊತ್ತಿರಲಿಲ್ಲ. ಮಾಮು ಅಭ್ಯಾಸಬಲದಿಂದ ಗೋಡೆಗೆ ಒರಗಿಸಿದ್ದ ಹುಟ್ಟನ್ನು ಕೈಗೆತ್ತಿಕೊಂಡರಂತೆ. ಆಮೇಲೆ ಹಾಗೆಯೇ ನಿಂತುಬಿಟ್ಟರಂತೆ. ಕೊನೆಗೆ ಜೀಪು ಹುಡುಕಿ, ಕೋಗಾರು, ಕಾರ್ಗಲ್ ಸುತ್ತುಹಾಕಿ ಸಾಗರ ಸೇರುವಾಗ ಬೆಳಗಾಗಿತ್ತು. ದೇವರ ದಯೆಯಿಂದ ತಾಯಿ, ಮಗು ಇಬ್ಬರೂ ಉಳಿದರು.

"ಗ್ರೈಂಡರ್ ಸದ್ದಾದರೆ ಸಾಕು, ಎದ್ದು ಅಂಗಳಕ್ಕೆ ಹೋಗುತ್ತಾರೆ. ನಾನೀಗ ಇವರು ಮಸೀದಿಗೆ ಹೋದಾಗಲೇ ರುಬ್ಬಿಕೊಳ್ಳುವುದು" ಎಂದರು ಮುಮಾನಿ. ಅವರು ನಕ್ಕರೂ ನನಗೆ ನಗು ಬರಲಿಲ್ಲ. ಎಲ್ಲ ಸುಸೂತ್ರವಾಯಿತಲ್ಲ, ಮತ್ತೇಕೆ ಕೊರಗು ಎಂದು ಕೇಳಬೇಕೆನಿಸಿತು. ಆದರೆ ನಮ್ಮನ್ನು ನಂಬಿ ಬಂದವರ ಮುಂದೆ ಬರಿಗೈಯಲ್ಲಿ ನಿಂತ ಗಳಿಗೆ ಅಷ್ಟು ಸುಲಭವಾಗಿ ಮರೆಯುವಂಥದ್ದಲ್ಲ.

ಸಾಗರದಲ್ಲಿ ಊಟ ಮುಗಿಸಿ ಹೊಳೆಬಾಗಿಲಿನತ್ತ ಹೊರಟೆವು. ಹಿಂದೆ ಇಲ್ಲಿ ಲಾಂಚಿಗಾಗಿ ವಾಹನಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ನಾವು ಬಿಸಿಲಲ್ಲಿ ಕಾಯುತ್ತ ಉಪ್ಪು ಖಾರ ಹಚ್ಚಿದ ಸೌತೆಕಾಯಿ ತಿಂದದ್ದು ನೆನಪಾಯಿತು. ಈಗ ಅಂಬಾರಗೊಡ್ಲು ಮತ್ತು ಕಳಸವಳ್ಳಿಯ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಕೇಬಲ್ ಸೇತುವೆ. 2025ರ ಜುಲೈ 14ರಂದು ಅದು ಉದ್ಘಾಟನೆಯಾಯಿತು. ಕಾದು ಕಾದು ದಾಟುತ್ತಿದ್ದ ನೀರನ್ನು ಕೆಲವೇ ನಿಮಿಷಗಳಲ್ಲಿ ದಾಟಿದೆವು.

ದಡ ಸೇರಿ ಊರು ಹತ್ತಿರವಾದಾಗ ರಸ್ತೆ ಬದಿಯಲ್ಲಿ ಒಬ್ಬ ಪುಟ್ಟ ಹುಡುಗಿ ಕೈ ಬೀಸಿ "ದೋಣಿ ಅಜ್ಜ!" ಎಂದು ಕೂಗಿದಳು. ಆ ರಾತ್ರಿ ಹುಟ್ಟಬೇಕಿದ್ದ ಮಗು ಅವಳೇ ಎಂದು ಮುಮಾನಿ ಹೇಳಿದರು. ಅವಳು ಮಾಮುವಿನ ದೋಣಿಯನ್ನು ಕಂಡೇ ಇಲ್ಲ. ಮನೆಯವರು ಕರೆಯುವುದನ್ನು ಕೇಳಿ ಕಲಿತಿದ್ದಾಳೆ.

ಮಾಮು ಕಾರಿನಿಂದಲೇ ಅವಳಿಗೆ ಕೈ ಬೀಸಿದರು. ತಿರುಗಿ, ದೂರದಲ್ಲಿ ಕಾಣುತ್ತಿದ್ದ ಸೇತುವೆಯನ್ನು ಒಮ್ಮೆ ನೋಡಿದರು.

"ಒಳ್ಳೆಯದಾಯಿತು ಬೇಟಿ. ರಾತ್ರಿಯೂ ಇರುತ್ತದೆ. ಇದನ್ನು ನನ್ನ ಹಾಗೆ ಯಾರೂ ಮಾರಿಬಿಡಲು ಆಗುವುದಿಲ್ಲ."