ಎರಡು ಕಾರ್ಡ್ ಹಾಕಿದರೆ ಆಟ ಎರಡರಷ್ಟು ಓಡುತ್ತಾ?

ಕಳೆದ ತಿಂಗಳು ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ತುಮಕೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ. ನಮ್ಮ ಮನೆಯಲ್ಲಿ ಕಂಪ್ಯೂಟರ್ ವಿಷಯ ಅಂದರೆ ಎಲ್ಲರೂ ನನ್ನನ್ನೇ ಕೇಳುವುದು.

"ಅಣ್ಣಾ, ನನ್ ಪಿಸಿಲಿ ಜಿಟಿಎಕ್ಸ್ 1660 ಕಾರ್ಡ್ ಇದೆಯಲ್ಲಾ, ಅಂಥದ್ದೇ ಇನ್ನೊಂದು ಸೆಕೆಂಡ್ ಹ್ಯಾಂಡ್ ಸಿಗ್ತಾ ಇದೆ. ಏಳು ಸಾವಿರ. ಎರಡೂ ಹಾಕಿದ್ರೆ ಗೇಮು ಡಬಲ್ ಸ್ಪೀಡಲ್ಲಿ ಓಡುತ್ತೆ ತಾನೆ?"

"ದುಡ್ಡು ಎಲ್ಲಿಂದ ಬಂತೋ?" ಅಂದೆ.

"ಸ್ಕಾಲರ್‌ಶಿಪ್ ಬಂದಿದೆ. ಅಪ್ಪಂಗೆ ಇನ್ನೂ ಹೇಳಿಲ್ಲ."

ಈ ಕೊನೆಯ ಮಾತು ಕೇಳಿ ನನಗೆ 2017ರ ಬೇಸಿಗೆ ನೆನಪಾಯಿತು. ಅವನಿಗೆ ಬೇಡ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಬಹುದಿತ್ತು. ಹಾಗೆ ಹೇಳಿದರೆ ಅವನು ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ. ಅದಕ್ಕೆ ನಡೆದದ್ದನ್ನೆಲ್ಲ ಹೇಳಿದೆ. ನಿಮ್ಮ ಮನೆಯಲ್ಲೂ ಇಂಥ ಹುಡುಗರು ಇರುತ್ತಾರೆ, ಅದಕ್ಕೇ ಇಲ್ಲೂ ಬರೆಯುತ್ತಿದ್ದೇನೆ.

ನಮ್ಮದು ತಿಪಟೂರು ಕಡೆಯ ತೆಂಗಿನ ತೋಟ. 2016-17ರ ಬರ ನಮ್ಮ ಕಡೆಯವರಿಗೆ ಇನ್ನೂ ಮರೆತಿಲ್ಲ. ಬೋರುಗಳು ಒಂದೊಂದಾಗಿ ಕೈಕೊಟ್ಟವು. ಟ್ಯಾಂಕರಿನಲ್ಲಿ ನೀರು ತರಿಸಿ ಗಿಡದ ಬುಡಕ್ಕೆ ಬಿಡುತ್ತಿದ್ದ ಕಾಲ. ನಾನಾಗ ಪತ್ರಿಕೋದ್ಯಮ ಓದುತ್ತಿದ್ದೆ. ಹಾಸ್ಟೆಲ್ ಗೆಳೆಯನೊಬ್ಬನಿಂದ ಹಳೆ ಪಿಸಿ ತಗೊಂಡಿದ್ದೆ. ಅದರಲ್ಲಿ 4 ಜಿಬಿ ಮೆಮೊರಿಯ ಒಂದು ಗ್ರಾಫಿಕ್ಸ್ ಕಾರ್ಡ್ ಇತ್ತು. ಆಟ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಯಾವುದೋ ವಿಡಿಯೊದಲ್ಲಿ ಎರಡು ಕಾರ್ಡ್ ಪಕ್ಕಪಕ್ಕ ಕೂತು ಹೊಳೆಯುವುದನ್ನು ನೋಡಿದ ಮೇಲೆ ತಲೆಗೆ ಅದೇ ಹತ್ತಿತು.

ಅಪ್ಪನಿಗೆ ಫೋನ್ ಮಾಡಿ, ಕಾಲೇಜಿನ ಪ್ರಾಜೆಕ್ಟಿಗೆ ಕಂಪ್ಯೂಟರ್ ರಿಪೇರಿ ಮಾಡಿಸಬೇಕು ಅಂದೆ. ಎಷ್ಟು ಅಂತ ಕೇಳಿದರು. ಹತ್ತು ಸಾವಿರ ಅಂದೆ. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಕಳಿಸಿದರು.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಅದೇ ಮಾದರಿಯ ಇನ್ನೊಂದು ಕಾರ್ಡ್ ತಂದೆ. ಮನೆಗೆ ಬಂದು ನೋಡಿದರೆ ನನ್ನ ಮದರ್‌ಬೋರ್ಡಿನಲ್ಲಿ ಕಿಂಡಿ ಎರಡಿದ್ದರೂ ಎರಡನೆಯದು ಅರೆಬರೆ. ಕಾರ್ಡ್ ಕೂರುತ್ತದೆ, ಜೋಡಿಯಾಗಿ ಕೆಲಸ ಮಾಡುವುದಿಲ್ಲ. ಸರಿ, ಬೋರ್ಡ್ ಬದಲಾಯಿಸಬೇಕು. ಒಂದೊಂದು ಕಾರ್ಡಿಗೂ ಹತ್ತಿರ ಹತ್ತಿರ 150 ವ್ಯಾಟ್ ಬೇಕು, ನನ್ನ ಪವರ್ ಸಪ್ಲೈ ಅಷ್ಟನ್ನು ತಡೆಯುತ್ತಿರಲಿಲ್ಲ. ಅದೂ ಹೊಸದು. ಎರಡನ್ನೂ ಜೋಡಿಸುವ ಬ್ರಿಡ್ಜ್ ಅನ್ನುವ ಸಣ್ಣ ಪಟ್ಟಿ ಬೇರೆ. ಅಪ್ಪನಿಗೆ ಇನ್ನೊಂದು ಸಲ ಫೋನ್, ಇನ್ನೊಂದು ಸುಳ್ಳು. ಒಟ್ಟು ಇಪ್ಪತ್ತೆರಡು ಸಾವಿರ ಹೋಯಿತು.

ಮೊದಲ ದಿನ ಜಿಟಿಎ 5 ಹಾಕಿದೆ. ಒಂದು ಕಾರ್ಡಿನಲ್ಲಿ ಸೆಕೆಂಡಿಗೆ 60 ಚಿತ್ರ ಬರುತ್ತಿದ್ದದ್ದು 95ರವರೆಗೆ ಹೋಯಿತು. ಕುಣಿದಾಡಿಬಿಟ್ಟೆ. ಪಕ್ಕದ ರೂಮಿನ ಹುಡುಗ ಬಂದು ನೋಡಿ ಒಂದೇ ಪ್ರಶ್ನೆ ಕೇಳಿದ: "ನಿನ್ ಮಾನಿಟರ್ ಎಷ್ಟು ಹರ್ಟ್ಸು ಮಗಾ?"

60 ಹರ್ಟ್ಸ್. ಅಂದರೆ ಆ ಪರದೆ ಸೆಕೆಂಡಿಗೆ ಅರವತ್ತೇ ಸಲ ಚಿತ್ರ ಬದಲಿಸಬಲ್ಲದು. ಒಳಗೆ 95 ತಯಾರಾದರೂ ನನ್ನ ಕಣ್ಣಿಗೆ ಬೀಳುವ ಲೆಕ್ಕ ಹಳೆಯದೇ.

ಆಮೇಲೆ, ಆಗ ಹಾಸ್ಟೆಲಿನವರೆಲ್ಲ ಆಡುತ್ತಿದ್ದ ಹೊಸ ಆಟ ಹಾಕಿದೆ. ಅದರಲ್ಲಿ ಎರಡನೇ ಕಾರ್ಡ್ ಸುಮ್ಮನೆ ಕೂತಿತ್ತು. ಫ್ಯಾನು ತಿರುಗುತ್ತಿತ್ತು ಅಷ್ಟೆ. ಇನ್ನೊಂದು ಆಟದಲ್ಲಿ ಅಂಕಿ ಮೇಲೆ ಹೋಯಿತು, ಆದರೆ ಚಿತ್ರ ಗಕ್ಕನೆ ನಿಂತು ನಿಂತು ಓಡುತ್ತಿತ್ತು. ಕೊನೆಗೆ ನಾನೇ ಒಂದು ಕಾರ್ಡನ್ನು ಆಫ್ ಮಾಡಿ ಆಡಲು ಶುರು ಮಾಡಿದೆ.

ಯಾಕೆ ಹೀಗೆ ಅನ್ನುವುದನ್ನು ಆಮೇಲೆ ಓದಿ ತಿಳಿದುಕೊಂಡೆ. ಮೊದಲೇ ಓದಬೇಕಿತ್ತು.

ಎರಡು ಕಾರ್ಡ್ ಜೋಡಿಸುವ ಯೋಚನೆ ಹಳೆಯದು. 1998ರಲ್ಲಿ ತ್ರೀಡಿಎಫ್ಎಕ್ಸ್ ಅನ್ನುವ ಕಂಪನಿ ವೂಡೂ 2 ಕಾರ್ಡಿನಲ್ಲಿ ಇದನ್ನು ತಂದಿತು. ಪರದೆಯ ಒಂದು ಬಿಟ್ಟು ಒಂದು ಗೆರೆಯನ್ನು ಒಂದು ಕಾರ್ಡ್ ಬಿಡಿಸಿದರೆ, ಉಳಿದ ಗೆರೆಗಳನ್ನು ಇನ್ನೊಂದು ಬಿಡಿಸುತ್ತಿತ್ತು. ಆ ಕಂಪನಿ ಮುಳುಗಿದ ಮೇಲೆ ಅದರ ಆಸ್ತಿಯನ್ನು ಎನ್ವಿಡಿಯಾ ಕೊಂಡುಕೊಂಡು, 2004ರಲ್ಲಿ ಎಸ್ಎಲ್ಐ ಅನ್ನುವ ಅದೇ ಹೆಸರಿನಲ್ಲಿ ಬೇರೆ ತಂತ್ರ ತಂದಿತು. ಮರುವರ್ಷ ಎಟಿಐ ಕಂಪನಿ ಕ್ರಾಸ್‌ಫೈರ್ ಅಂತ ತನ್ನದನ್ನು ತಂದಿತು.

ಈ ಹೊಸ ತಂತ್ರದ ಮುಖ್ಯ ವಿಧಾನ ಹೀಗೆ. ಮನೆಯಲ್ಲಿ ಇಬ್ಬರು ರೊಟ್ಟಿ ತಟ್ಟುತ್ತಿದ್ದಾರೆ ಅಂದುಕೊಳ್ಳಿ. ಒಂದು, ಮೂರು, ಐದನೇ ರೊಟ್ಟಿ ಒಬ್ಬರದು. ಎರಡು, ನಾಲ್ಕು, ಆರನೆಯದು ಇನ್ನೊಬ್ಬರದು. ಕಾರ್ಡ್‌ಗಳೂ ಹಾಗೇ ಒಂದಾದ ಮೇಲೆ ಒಂದರಂತೆ ಚಿತ್ರ ತಯಾರಿಸುತ್ತವೆ. ಲೆಕ್ಕಕ್ಕೆ ರೊಟ್ಟಿ ಎರಡರಷ್ಟು. ಆದರೆ ಇಬ್ಬರ ರೊಟ್ಟಿಯೂ ಒಟ್ಟಿಗೇ ತಟ್ಟೆಗೆ ಬಿದ್ದು ಆಮೇಲೆ ಬಹಳ ಹೊತ್ತು ಏನೂ ಬರದಿದ್ದರೆ? ಗಂಟೆಯ ಲೆಕ್ಕ ಸರಿಯಾಗಿಯೇ ಇರುತ್ತದೆ, ಉಣ್ಣುವವನು ಮಾತ್ರ ಕಾಯುತ್ತಾ ಕೂರಬೇಕು. ನನ್ನ ಆಟ ನಿಂತು ನಿಂತು ಓಡಿದ್ದು ಇದಕ್ಕೇ. ಮೈಕ್ರೊಸ್ಟಟರ್ ಅನ್ನುತ್ತಾರೆ.

ಇನ್ನೂ ಒಂದು ತೊಡಕು ಇದೆ. ಈಗಿನ ಆಟಗಳು ಹೊಸ ಚಿತ್ರವನ್ನು ನುಣುಪು ಮಾಡಲು ಹಿಂದಿನ ಚಿತ್ರವನ್ನು ನೋಡುತ್ತವೆ. ಹಿಂದಿನ ರೊಟ್ಟಿ ನೋಡದೆ ಮುಂದಿನದನ್ನು ತಟ್ಟುವ ಹಾಗಿಲ್ಲ ಅಂದರೆ, ಎರಡನೆಯವರು ಮೊದಲನೆಯವರಿಗೆ ಕಾಯಲೇಬೇಕು. ಇಬ್ಬರಿದ್ದೂ ಉಪಯೋಗವಿಲ್ಲ.

ಮೆಮೊರಿ ವಿಷಯದಲ್ಲಿ ನಾನು ಪೂರ್ತಿ ಮೋಸ ಹೋಗಿದ್ದೆ. 4 ಜಿಬಿಯ ಎರಡು ಕಾರ್ಡ್ ಸೇರಿದರೆ 8 ಜಿಬಿ ಆಗುತ್ತದೆ ಅಂದುಕೊಂಡಿದ್ದೆ. ಆಗುವುದಿಲ್ಲ. ಒಂದೇ ಕ್ಲಾಸಿನ ಇಬ್ಬರು ಮಕ್ಕಳಿಗೆ ಅದೇ ಪಠ್ಯಪುಸ್ತಕದ ಎರಡು ಪ್ರತಿ ಬೇಕಾಗುತ್ತದಲ್ಲ, ಹಾಗೆ ಎರಡು ಕಾರ್ಡಿನಲ್ಲೂ ಅದೇ ಸರಕು ತುಂಬಿರುತ್ತದೆ. ಆಟಕ್ಕೆ ಸಿಗುವುದು 4 ಜಿಬಿಯೇ.

ಕಂಪನಿಗಳೂ ಕೈಬಿಟ್ಟವು. 2015ರಲ್ಲಿ ಡೈರೆಕ್ಟ್‌ಎಕ್ಸ್ 12 ಬಂದ ಮೇಲೆ ಎರಡು ಕಾರ್ಡ್ ದುಡಿಸುವ ಹೊಣೆ ಆಟ ತಯಾರಿಸುವವರ ಹೆಗಲಿಗೆ ಬಿತ್ತು. ಎರಡು ಕಾರ್ಡ್ ಇಟ್ಟುಕೊಂಡವರೇ ಕಡಿಮೆ, ಅವರಿಗಾಗಿ ತಿಂಗಳುಗಟ್ಟಲೆ ಯಾರು ದುಡಿಯುತ್ತಾರೆ? ಎಎಮ್‌ಡಿಯ ಆರ್‌ಎಕ್ಸ್ 5700 ಕಾರ್ಡ್ 2019ರಲ್ಲಿ ಬಂದಾಗ ಅದರಲ್ಲಿ ಕ್ರಾಸ್‌ಫೈರ್ ಇರಲಿಲ್ಲ. ಎನ್ವಿಡಿಯಾ 2020ರಲ್ಲಿ ತಂದ ಗೇಮಿಂಗ್ ಕಾರ್ಡ್‌ಗಳಲ್ಲಿ ಜೋಡಿಸುವ ಸೌಲಭ್ಯ ಉಳಿದದ್ದು ಆರ್‌ಟಿಎಕ್ಸ್ 3090 ಒಂದಕ್ಕೆ. 2021ರ ಜನವರಿಯಿಂದ ಹೊಸ ಎಸ್ಎಲ್ಐ ಪ್ರೊಫೈಲ್ ಸೇರಿಸುವುದಿಲ್ಲ ಅಂತಲೂ ಹೇಳಿತು. 2022ರ 4090ರಲ್ಲಿ ಆ ಕಿಂಡಿಯೇ ಇಲ್ಲ.

ತಮ್ಮನ 1660ರಲ್ಲೂ ಇಲ್ಲ. ಅವನು ಏಳು ಸಾವಿರ ಕೊಟ್ಟು ಇನ್ನೊಂದು ಹಾಕಿದ್ದರೆ ಅವನ ಆಟಗಳು ಒಂದೇ ಕಾರ್ಡ್ ಬಳಸುತ್ತಿದ್ದವು. ಇನ್ನೊಂದು ಕರೆಂಟ್ ತಿನ್ನುತ್ತಾ ಕೂರುತ್ತಿತ್ತು.

ಹಾಗಾದರೆ ಎರಡು ಕಾರ್ಡ್ ಯಾವತ್ತೂ ದಂಡವೇ? ಇಲ್ಲ. ಬ್ಲೆಂಡರ್‌ನಂಥ ತಂತ್ರಾಂಶದಲ್ಲಿ ತ್ರೀಡಿ ಚಿತ್ರ ರೆಂಡರ್ ಮಾಡುವವರಿಗೆ ನಿಜಕ್ಕೂ ಲಾಭವಿದೆ. ಅಲ್ಲಿ ಕೆಲಸ ಸಲೀಸಾಗಿ ಪಾಲಾಗುತ್ತದೆ, ಕಾರ್ಡ್‌ಗಳನ್ನು ಬ್ರಿಡ್ಜ್ ಹಾಕಿ ಜೋಡಿಸಬೇಕಾಗಿಯೂ ಇಲ್ಲ. ಎಐ ಮಾದರಿಗಳನ್ನು ಓಡಿಸುವವರೂ ಎರಡು ಮೂರು ಕಾರ್ಡ್ ಇಡುತ್ತಾರೆ. ಆಟಕ್ಕೆ ಮಾತ್ರ ಬೇಡ. ಲ್ಯಾಪ್‌ಟಾಪ್ ಕೊಳ್ಳುವವರಿಗೂ ಒಂದು ಮಾತು. ಎರಡು ಗ್ರಾಫಿಕ್ಸ್ ಇದೆ ಅಂತ ಅಂಗಡಿಯವರು ಹೇಳಿದರೆ, ಒಂದು ಪ್ರೊಸೆಸರಿನ ಜೊತೆಗೇ ಬರುವ ಸಣ್ಣದು, ಇನ್ನೊಂದು ಬೇರೆ ಕಾರ್ಡ್. ಬ್ಯಾಟರಿ ಉಳಿಸಲು ಸಣ್ಣದು, ಆಟಕ್ಕೆ ದೊಡ್ಡದು. ಎರಡರ ಶಕ್ತಿ ಕೂಡುವುದಿಲ್ಲ.

ತಮ್ಮನಿಗೆ ನಾನು ಹೇಳಿದ್ದು ಇಷ್ಟು. ಮೊದಲು ಮಾನಿಟರ್ ನೋಡು. ಅದು 60 ಹರ್ಟ್ಸ್ ಆಗಿದ್ದು, ನಿನ್ನ ಆಟ ಈಗಾಗಲೇ 60 ಮುಟ್ಟುತ್ತಿದ್ದರೆ ನಿನಗೆ ಏನೂ ಬೇಕಿಲ್ಲ. ಸಾಲದು ಅನಿಸಿದರೆ ಇರುವ ಕಾರ್ಡ್ ಮಾರಿ, ಆ ದುಡ್ಡಿಗೆ ಇನ್ನಷ್ಟು ಸೇರಿಸಿ, ಅದಕ್ಕಿಂತ ಒಳ್ಳೆಯ ಒಂದೇ ಕಾರ್ಡ್ ತಗೋ. ಪವರ್ ಸಪ್ಲೈ ತಡೆಯುತ್ತಾ ನೋಡು. ಹಳೆ ಕಾರ್ಡ್ ಆದರೆ ಅರ್ಧ ಗಂಟೆ ಆಟ ಓಡಿಸಿ ನೋಡಿಯೇ ದುಡ್ಡು ಕೊಡು. ಎಲ್ಲಕ್ಕಿಂತ ಮೊದಲು ಚಿಕ್ಕಪ್ಪನಿಗೆ ಹೇಳು.

ಈ ಕೊನೆಯದನ್ನು ಹೇಳುವ ಯೋಗ್ಯತೆ ನನಗೆ ಹೇಗೆ ಬಂತು ಅನ್ನುವುದು ಉಳಿದಿದೆ.

ನಾನು ಎರಡನೇ ಕಾರ್ಡ್ ಮಾರಿದಾಗ ಸಿಕ್ಕಿದ್ದು ನಾಲ್ಕು ಸಾವಿರ. ಅದನ್ನು ಹಿಡಿದು ಊರಿಗೆ ಹೋದೆ. ತೋಟದ ಮೂಲೆಯಲ್ಲಿ ಆರು ತೆಂಗಿನ ಸಸಿ ಒಣಗಿ ನಿಂತಿದ್ದವು. ಎರಡು ಟ್ಯಾಂಕರ್ ಹಾಕಿಸೋಣ ಅಂತಿದ್ದೆ, ಕೈಯಲ್ಲಿ ದುಡ್ಡಿರಲಿಲ್ಲ ಅಂದರು ಅಪ್ಪ. ನನ್ನನ್ನು ಕುರಿತು ಹೇಳಿದ್ದಲ್ಲ, ಸುಮ್ಮನೆ ಹೇಳಿದ್ದು. ನಾನು ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ.

ಅಪ್ಪ ಬೈಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಎರಡು ಹಾಕಿದ್ರೆ ಎರಡರಷ್ಟು ಬರುತ್ತೆ ಅಂತ ಯಾರಂದ್ರು ನಿಂಗೆ?"

"ಯಾರೂ ಅಲ್ಲ. ನಾನೇ ಅಂದ್ಕೊಂಡೆ."

"ನಾನೂ ಅಂದ್ಕೊಂಡೆ ಬಿಡು" ಅಂದರು. ಆಮೇಲೆ ತೋಟದ ಆ ಕಡೆ ಕೈ ತೋರಿಸಿದರು. ನೀರು ಎರಡರಷ್ಟು ಬರಲಿ ಅಂತ ಹಳೆ ಬೋರಿನಿಂದ ಮೂವತ್ತು ಅಡಿ ದೂರದಲ್ಲಿ ಆ ವರ್ಷ ಇನ್ನೊಂದು ಕೊರೆಸಿದ್ದರು, ಸಾಲ ಮಾಡಿ. ನನಗೆ ಹೇಳಿರಲಿಲ್ಲ. ಹೊಸದರಲ್ಲಿ ಒಂದಿಷ್ಟು ನೀರು ಬಂತು, ಹಳೆಯದರಲ್ಲಿ ಅಷ್ಟೇ ಕಡಿಮೆಯಾಯಿತು. ಭೂಮಿಯೊಳಗೆ ಇದ್ದದ್ದು ಒಂದೇ ನೀರು.

ಆ ನಾಲ್ಕು ಸಾವಿರಕ್ಕೆ ಮಾರನೇ ದಿನ ಟ್ಯಾಂಕರ್ ತರಿಸಿದೆವು. ಒಣಗಿದ ಆರು ಬರಲಿಲ್ಲ. ಅವುಗಳ ಪಕ್ಕದ ಸಾಲು ಉಳಿಯಿತು, ಈಗ ಫಸಲು ಕೊಡುತ್ತಿದೆ.

ತಮ್ಮ ಮೊನ್ನೆ ಮೆಸೇಜ್ ಹಾಕಿದ್ದ. ಮಾನಿಟರ್ 60 ಹರ್ಟ್ಸ್ ಅಂತೆ. ಕಾರ್ಡ್ ತಗೊಂಡಿಲ್ಲ. ಚಿಕ್ಕಪ್ಪನಿಗೆ ಸ್ಕಾಲರ್‌ಶಿಪ್ ವಿಷಯ ಹೇಳಿದ್ದಾನಂತೆ.