ಲ್ಯಾಬ್ ಕಥೆ, ಭಾಗ 3: ಯಾವುದಕ್ಕೆ ಯಾವುದನ್ನ ಹಾಕ್ಬೇಕು?

ನಮ್ಮ ಉಳವಿ ಕಡೆ ಮಳೆ ಹಿಡೀತು ಅಂದ್ರೆ ಅಡಿಕೆ ತೋಟ ಇರೋ ಮನೆ ಅಂಗಳಕ್ಕೆ ಎರಡು ಡ್ರಮ್ ಬರ್ತವೆ. ಒಂದ್ರಲ್ಲಿ ಮೈಲುತುತ್ತದ ನೀಲಿ ನೀರು, ಇನ್ನೊಂದ್ರಲ್ಲಿ ಸುಣ್ಣದ ನೀರು. ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಒಟ್ಟು 100 ಲೀಟರ್ ನೀರು. ನೂರು ವರ್ಷದ ಹಿಂದೆ ಮೈಸೂರು ಸರ್ಕಾರದಲ್ಲಿದ್ದ ಲೆಸ್ಲಿ ಕೋಲ್ಮನ್ ಅನ್ನೋ ಕೆನಡಾದ ವಿಜ್ಞಾನಿ ಕೊಳೆರೋಗದ ಅಧ್ಯಯನ ಮಾಡಿ ನಮ್ಮ ತೋಟಗಳಿಗೆ ಹೇಳಿಕೊಟ್ಟ ಮದ್ದು ಇದು.

ದೊಡ್ಡಪ್ಪ ಬೆರೆಸೋದನ್ನ ನೋಡ್ಬೇಕು ನೀವು. ಸುಣ್ಣದ ನೀರಿಗೆ ಮೈಲುತುತ್ತದ ನೀರು ಸುರೀತಾರೆ, ನಿಧಾನಕ್ಕೆ, ಕೋಲಲ್ಲಿ ತಿರುಗಿಸ್ತಾ. ಯಾವತ್ತೂ ಉಲ್ಟಾ ಇಲ್ಲ. ಆಮೇಲೆ ಹೊಳೆಯೋ ಕತ್ತಿ ಅದ್ದಿ ನೋಡ್ತಾರೆ. ಕೆಂಪು ಹತ್ತಿದ್ರೆ ಇನ್ನಷ್ಟು ಸುಣ್ಣ. "ಹಂಗೇ ಹೊಡೆದ್ರೆ ಎಳೆ ಕಾಯಿ ಸುಟ್ಟು ಹೋಗ್ತದೆ ಮಾರಾಯ" ಅಂತಾರೆ. ಹತ್ತನೇ ಕ್ಲಾಸಲ್ಲಿ ಮೈಲುತುತ್ತದ ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕ್ತೀವಲ್ಲ, ಅದೇ ಕ್ರಿಯೆ!

ಈಗ ಲ್ಯಾಬಿಗೆ ಬನ್ನಿ. "ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರು ಹಾಕಬೇಡಿ." ಎಲ್ಲರಿಗೂ ಬಾಯಿಪಾಠ. ಯಾಕೆ ಅಂತ ಕೇಳಿದ್ರೆ ಅರ್ಧ ಕ್ಲಾಸ್ ಸುಮ್ಮನೆ. ಪ್ರಬಲ ಸಲ್ಫ್ಯೂರಿಕ್ ಆಸಿಡ್ ನೀರಿಗಿಂತ ಹೆಚ್ಚುಕಮ್ಮಿ 1.8 ಪಟ್ಟು ಭಾರ. ಮೇಲಿಂದ ನೀರು ಹಾಕಿದ್ರೆ ಅದು ಮೇಲೇ ನಿಲ್ತದೆ, ಅಲ್ಲೇ ಬಿಸಿಯಾಗಿ ಕುದಿಯುತ್ತೆ, ಆಸಿಡ್ ಸಮೇತ ಮುಖಕ್ಕೆ ಸಿಡಿಯುತ್ತೆ. ನೀರಿಗೆ ಸ್ವಲ್ಪ ಸ್ವಲ್ಪವೇ ಆಸಿಡ್ ಹಾಕಿ ಕಲಕಿದ್ರೆ ಆ ಬಿಸಿ ಇಡೀ ನೀರಿಗೆ ಹಂಚಿಹೋಗ್ತದೆ.

ಹೋದ ವರ್ಷ ನನ್ನ ಪಕ್ಕದ ಬೆಂಚಿನ ಹುಡುಗ ಬೀಕರ್ ಖಾಲಿ ಅಂದ್ಕೊಂಡು ನೀರು ಹಾಕ್ದ. ತಳದಲ್ಲಿ ಆಸಿಡ್ ಇತ್ತು, ಮೇಲೆ ಲೇಬಲ್ ಇರಲಿಲ್ಲ. ಚಟ್ ಅಂತ ಸಿಡೀತು. ಅವನು ಕನ್ನಡಕ ಹಾಕೋನು. ಹನಿ ಬಿದ್ದಿದ್ದು ಗಾಜಿನ ಮೇಲೆ. ಆ ಗಾಜು ಇಲ್ದೇ ಇದ್ದಿದ್ರೆ? ನಾನು ಇವತ್ತಿಗೂ ಅದನ್ನೇ ಯೋಚಿಸ್ತೀನಿ.

ಹಾಗಾಗಿ ಇಷ್ಟು ನೆನಪಿಡಿ:

▪ ಲೇಬಲ್ ಇಲ್ಲದ ಬಾಟಲಿ, ಬೀಕರ್ ಮುಟ್ಟಬೇಡಿ. "ಸರ್, ಇದು ಏನು?" ಅಂತ ಕೇಳೋದು ನಾಚಿಕೆ ಅಲ್ಲ.
▪ ಮೂಗು ಹಚ್ಚಿ ವಾಸನೆ ನೋಡಬೇಡಿ. ಕೈಯಲ್ಲಿ ಗಾಳಿ ಬೀಸಿ ನೋಡಿ.
▪ ಬಿಸಿ ಮಾಡುವಾಗ ಪ್ರನಾಳದ ಬಾಯಿ ನಿಮ್ಮ ಕಡೆಗೂ ಬೇಡ, ಗೆಳೆಯರ ಕಡೆಗೂ ಬೇಡ.
▪ ಕುಡಿಯೋ ನೀರಿನ ಬಾಟಲಿಗೆ ಯಾವ ರಾಸಾಯನಿಕವನ್ನೂ ತುಂಬಬೇಡಿ.
▪ ಕಣ್ಣಿಗೆ ಬಿದ್ರೆ ರೆಪ್ಪೆ ಬಿಡಿಸಿ ಹಿಡಿದು, ಕನಿಷ್ಠ 20 ನಿಮಿಷ ಶುದ್ಧ ನೀರು ಹರಿಸಿ. ಆಮೇಲೆ ಆಸ್ಪತ್ರೆ. ಸೊರಬಕ್ಕೆ ಬಸ್ ಬರೋ ತನಕ ಕಣ್ಣು ಕಾಯಲ್ಲ.
▪ ಆಸಿಡ್ ಬಿದ್ದ ಜಾಗಕ್ಕೆ ಸುಣ್ಣ, ಸೋಡಾ, ಪೇಸ್ಟ್ ಹಚ್ಚಬೇಡಿ. ನೀರು, ನೀರು, ನೀರು ಅಷ್ಟೇ.

ದೊಡ್ಡಪ್ಪನಿಗೆ ಕ್ರಮ ಯಾಕೆ ತಪ್ಪಲ್ಲ ಗೊತ್ತಾ? ತಪ್ಪಿದ್ರೆ ವರ್ಷದ ಫಸಲು ಹೋಗ್ತದೆ. ನಮಗೆ ಲ್ಯಾಬಲ್ಲಿ ಅದೇ ಕ್ರಮ ಒಂದು ಮಾರ್ಕಿನ ಪ್ರಶ್ನೆ. ಬೀಕರ್ ಕೈಗೆ ಬಂದಾಗ ಮಾರ್ಕ್ ಮರೆತು ಕಣ್ಣು ನೆನಪು ಮಾಡ್ಕೊಳ್ಳಿ.

ಮನೆಯವರಿಗೂ ನಾವು ಹೇಳೋದು ಒಂದಿದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಅದೂ ಕುದ್ದು ಸಿಡಿಯುತ್ತೆ, ಕಣ್ಣಿಗೆ ಸುಣ್ಣ ಆಸಿಡ್‌ನಷ್ಟೇ ಅಪಾಯ. ಈ ಸಲ ಡ್ರಮ್ ಹೊರಗೆ ಬಂದಾಗ ದೊಡ್ಡಪ್ಪನ ಕೈಗೆ ಒಂದು ಜೊತೆ ಕನ್ನಡಕ ಕೊಡ್ತಿದ್ದೀನಿ. ನಿಮ್ಮನೇಲಿ ಯಾರಿಗೆ ಕೊಡ್ತೀರ? ಕೆಳಗೆ ಬರೀರಿ.

#ಲ್ಯಾಬ್‌ಕಥೆ #ಉಳವಿ #ಸೊರಬ #ಹತ್ತನೇಕ್ಲಾಸ್